ತಿರುವುಮುರುವಾದ ಟೇಪು: ಸ್ಟೋನ್ ರೋಸಸ್ ತಂಡದ ಮೊದಲ ಆಲ್ಬಂ

ಕೇಳುಗರಿಗೆ ನಮಸ್ಕಾರ.

1989ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ನಾಲ್ವರು ಹುಡುಗರ ಮೊದಲ ಆಲ್ಬಂ ಹೊರಬಂತು. ತಂಡದ ಹೆಸರು ದಿ ಸ್ಟೋನ್ ರೋಸಸ್, ಆಲ್ಬಮ್ಮಿಗೂ ಅದೇ ಹೆಸರು. ಹಾಡುಗಾರಿಕೆ ಇಯನ್ ಬ್ರೌನ್, ಗಿಟಾರ್ ಜಾನ್ ಸ್ಕ್ವೈರ್, ಬೇಸ್ ಗಿಟಾರ್ ಮ್ಯಾನಿ, ಡ್ರಮ್ಸ್ ರೆನಿ. ಒಟ್ಟು 11 ಹಾಡುಗಳು. ಇವುಗಳಲ್ಲಿ ಮೂರನೆಯ ‘ವಾಟರ್‌ಫಾಲ್’ ಮತ್ತು ಅದರ ಬೆನ್ನಿಗೇ ಬರುವ ‘ಡೋಂಟ್ ಸ್ಟಾಪ್’ ಹತ್ತಿರ ಇವತ್ತು ಹೆಚ್ಚು ಹೊತ್ತು ನಿಲ್ಲೋಣ. ಆ ನಾಲ್ಕನೆಯ ಹಾಡು ಹುಟ್ಟಿದ್ದೇ ಮೂರನೆಯ ಹಾಡಿನ ಟೇಪನ್ನು ಹಿಂದುಮುಂದಾಗಿ ಓಡಿಸಿದ್ದರಿಂದ. ಈ ತಂಡ ಕೆಲಸ ಮಾಡುತ್ತಿದ್ದ ಬಗೆ ತಿಳಿಯಬೇಕಾದರೆ ಈ ಬಾಗಿಲಿನಿಂದ ಒಳಹೋಗುವುದೇ ಸರಿ.

ಟೇಪು ಹಿಂದಕ್ಕೆ ಓಡಿದರೆ ಏನಾಗುತ್ತದೆ? ವೇಗ ಅದೇ ಇರುವುದರಿಂದ ಶ್ರುತಿ ಕದಲುವುದಿಲ್ಲ, ಲಯದ ನಡೆಯೂ ಕದಲುವುದಿಲ್ಲ. ತಿರುಗುವುದು ಸ್ವರಗಳ ಸಾಲು. ಆರೋಹಣವಾಗಿದ್ದದ್ದು ಅವರೋಹಣ. ಅದಕ್ಕಿಂತ ಮುಖ್ಯವಾಗಿ ಒಂದೊಂದು ಸ್ವರದ ಒಳಗಿನ ಆಕಾರವೂ ತಿರುಗುತ್ತದೆ. ಗಿಟಾರಿನ ತಂತಿ ಮೀಟಿದರೆ ಮೊದಲು ಟಣ್ ಎಂಬ ಪೆಟ್ಟು, ಆಮೇಲೆ ಮೆಲ್ಲಗೆ ಆರುವ ನಾದ. ತಿರುಗಿಸಿದಾಗ ಆ ನಾದ ಎಲ್ಲಿಂದಲೋ ಉಬ್ಬುತ್ತಾ ಬಂದು, ಪೆಟ್ಟಿನ ಜಾಗ ತಲುಪಿದ ಕೂಡಲೇ ಕತ್ತರಿಸಿದ ಹಾಗೆ ನಿಂತುಬಿಡುತ್ತದೆ. ಡ್ರಮ್ಸ್ ಜೊತೆಗಿರುವ ಲೋಹದ ಬಿಲ್ಲೆ, ಅಂದರೆ ಸಿಂಬಲ್ಲಿನ ಸದ್ದು ದೀರ್ಘವಾಗಿ ಉಸಿರೆಳೆದುಕೊಂಡಂತೆ ಕೇಳುತ್ತದೆ. ಇನ್ನು ಮನುಷ್ಯನ ಗಂಟಲು. ಕ, ತ, ಪ ಇಂಥ ವ್ಯಂಜನಗಳ ಸಿಡಿತ ತಲೆಕೆಳಗಾಗುತ್ತದೆ. ಆ, ಈ, ಊ ಎಂದು ಎಳೆದ ಸ್ವರಗಳು ಅಷ್ಟಾಗಿ ಕೆಡದೆ ಉಳಿಯುತ್ತವೆ. ಆದ್ದರಿಂದಲೇ ತಿರುಗಿಸಿದ ಹಾಡುಗಾರಿಕೆ ಗೊತ್ತಿಲ್ಲದ ಯಾವುದೋ ಭಾಷೆಯಂತೆ ಕೇಳುತ್ತದೆ, ನಡುನಡುವೆ ಗುರುತಿನ ಪದವೊಂದು ಸುಳಿದಂತೆಯೂ ಆಗುತ್ತದೆ.

ಸ್ಕ್ವೈರ್ ಹಿಡಿದುಕೊಂಡದ್ದು ಇದನ್ನೇ. ತಿರುಗಿದ ‘ವಾಟರ್‌ಫಾಲ್’ ಕೇಳುತ್ತಾ, ಬ್ರೌನ್ ಏನು ಹಾಡುತ್ತಿರುವಂತೆ ಕಿವಿಗೆ ಅನ್ನಿಸಿತೋ ಅದನ್ನೇ ಬರೆದುಕೊಂಡು ಹೊಸ ಸಾಹಿತ್ಯ ಕಟ್ಟಿದರು. ಆ ಸಾಹಿತ್ಯವನ್ನು ಬ್ರೌನ್ ತಿರುಗಿದ ಟೇಪಿನ ಮೇಲೆ ನೇರವಾಗಿ ಹಾಡಿದರು. ಅದರ ಜೊತೆಗೆ ಸೇರಿಸಿದ್ದು ತೀರಾ ಸ್ವಲ್ಪ: ತಾಳ ಗಟ್ಟಿಯಾಗಲು ಬೇಸ್ ಡ್ರಮ್ಮಿನ ಪೆಟ್ಟು, ಹಸುವಿನ ಕೊರಳಗಂಟೆಯಂಥ ಕೌಬೆಲ್. ಐದು ನಿಮಿಷ ದಾಟುವ ಹಾಡು ಅಷ್ಟರಲ್ಲೇ ನಿಂತಿದೆ. ಟೇಪು ತಿರುಗಿಸುವುದು ಅಷ್ಟು ಹೊತ್ತಿಗೆ ಹೊಸದಲ್ಲ; 1966ರಲ್ಲೇ ಬೀಟಲ್ಸ್ ತಂಡ ‘ರೇನ್’ ಹಾಡಿನ ಕೊನೆಯಲ್ಲಿ ಜಾನ್ ಲೆನನ್ ಅವರ ಗಾಯನವನ್ನು ತಿರುಗಿಸಿ ಇಟ್ಟಿತ್ತು. ಅಲ್ಲಿ ಅದು ಬಾಲದ ಅಲಂಕಾರ. ಇಲ್ಲಿ ತಿರುಗಿದ ಟೇಪೇ ಅಡಿಪಾಯ, ಮಾತು ಕೂಡ ಅದರೊಳಗಿಂದಲೇ ಎದ್ದುಬಂದದ್ದು. ನನ್ನ ಮಟ್ಟಿಗೆ ಆಲ್ಬಮ್ಮಿನ ಅತಿ ದೊಡ್ಡ ಧೈರ್ಯ ಇದು.

ಈ ಧೈರ್ಯಕ್ಕೆ ಬೆನ್ನೆಲುಬಾಗಿ ನಿಂತವರು ನಿರ್ಮಾಪಕ ಜಾನ್ ಲೆಕಿ. 1970ರಲ್ಲಿ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಟೇಪ್ ಆಪರೇಟರ್ ಆಗಿ ಕೆಲಸ ಕಲಿತವರು. 1985ರಲ್ಲಿ ಎಕ್ಸ್‌ಟಿಸಿ ಎಂಬ ಇಂಗ್ಲಿಷ್ ರಾಕ್ ತಂಡ ವೇಷ ಮರೆಸಿಕೊಂಡು, ಡ್ಯೂಕ್ಸ್ ಆಫ್ ಸ್ಟ್ರಾಟೋಸ್ಫಿಯರ್ ಎಂಬ ಹೆಸರಿನಲ್ಲಿ ಅರವತ್ತರ ದಶಕದ ಧಾಟಿಯ ಹಾಡಿನ ತಟ್ಟೆಯೊಂದನ್ನು ಮಾಡಿತು, ಅದರ ನಿರ್ಮಾಪಕರೂ ಅವರೇ. ಟೇಪನ್ನು ಹೇಗೆಲ್ಲ ಆಡಿಸಬಹುದು ಎಂಬುದು ಅವರ ಕೈಗೆ ಕರಗತವಾಗಿತ್ತು. ಸ್ಟೋನ್ ರೋಸಸ್ ಆಲ್ಬಮ್ಮಿನ ಧ್ವನಿಮುದ್ರಣ 1988ರ ನಡುವಿನಿಂದ 1989ರ ಆರಂಭದವರೆಗೆ ನಡೆಯಿತು. ಲಂಡನ್ನಿನ ಬ್ಯಾಟರಿ ಮತ್ತು ಕಾಂಕ್, ವೇಲ್ಸಿನ ಮಾನ್‌ಮತ್ ಬಳಿಯ ರಾಕ್‌ಫೀಲ್ಡ್, ಈ ಮೂರು ಸ್ಟುಡಿಯೋಗಳಲ್ಲಿ.

ಸ್ಟುಡಿಯೋ ಟೇಪು ತಿರುಗಿಸುವುದು ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎಡವುವುದು ಇಲ್ಲೇ. ಆ ಕಾಲದ ದೊಡ್ಡ ಯಂತ್ರಗಳಲ್ಲಿ ಎರಡು ಇಂಚು ಅಗಲದ ಟೇಪು, ಅದರ ಮೇಲೆ ಅಕ್ಕಪಕ್ಕ 24 ಟ್ರ್ಯಾಕು, ಅಂದರೆ ವಾದ್ಯ, ಗಾಯನಗಳನ್ನು ಬೇರೆ ಬೇರೆಯಾಗಿ ಮುದ್ರಿಸುವ ಸಾಲುಗಳು. ತಿರುಗಿಸಲು ಯಂತ್ರಕ್ಕೆ ಬೇರೆ ಗುಂಡಿಯೇನೂ ಬೇಡ. ಹಾಡು ಕೊನೆಯವರೆಗೆ ಓಡಿದ ಮೇಲೆ ಎರಡು ರೀಲುಗಳನ್ನೂ ತೆಗೆದು, ಮಗುಚಿ, ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದರೆ ಆಯಿತು. ಆದರೆ ಮಗುಚಿದಾಗ ಟ್ರ್ಯಾಕುಗಳ ಸಂಖ್ಯೆಯೂ ಮಗುಚುತ್ತದೆ. 1ನೆಯದು 24ಕ್ಕೆ ಹೋಗುತ್ತದೆ, 5ನೆಯದು 20ಕ್ಕೆ, 12ನೆಯದು 13ಕ್ಕೆ. 25ರಿಂದ ಹಳೆಯ ಸಂಖ್ಯೆ ಕಳೆದರೆ ಹೊಸ ಸಂಖ್ಯೆ ಸಿಗುತ್ತದೆ. ಇದನ್ನು ಮರೆತು, 20ನೆಯ ಟ್ರ್ಯಾಕು ಖಾಲಿ ಇದೆಯೆಂದು ಅಲ್ಲಿ ಹೊಸ ಗಾಯನ ತುಂಬಿಸಲು ಹೋದರೆ, ನಿಜದಲ್ಲಿ 5ನೆಯದರ ಮೇಲಿದ್ದ ಡ್ರಮ್ಸ್ ಅಳಿಸಿಹೋಗುತ್ತದೆ. ಅಳಿಸಿದ್ದು ಮತ್ತೆ ಬರುವುದಿಲ್ಲ. ಅದಕ್ಕಾಗಿ ರೀಲು ಮಗುಚುವ ಮೊದಲೇ ಟ್ರ್ಯಾಕುಗಳ ಪಟ್ಟಿಯನ್ನು ತಿರುಗಿಸಿ ಇನ್ನೊಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಇನ್ನೂ ಕ್ಷೇಮವೆಂದರೆ ಪ್ರತಿ ತೆಗೆದು ಪ್ರತಿಯ ಮೇಲೆ ಕೆಲಸ ಮಾಡುವುದು. ಪ್ರತಿ ತೆಗೆದರೆ ಟೇಪಿನ ಹಿಸ್ಸೆಂಬ ಸದ್ದು ಒಂದು ಸುತ್ತು ಹೆಚ್ಚುತ್ತದೆ, ನಿಜ. ಡ್ರಮ್ಸ್ ಕಳೆದುಕೊಳ್ಳುವುದಕ್ಕಿಂತ ಅದು ಎಷ್ಟೋ ವಾಸಿ.

ಎರಡನೆಯ ತೊಡಕು ಎಣಿಕೆಯದು. ಹಾಡಿನ ಮೊದಲು ಡ್ರಮ್ಮರು ಒನ್, ಟೂ, ತ್ರೀ, ಫೋರ್ ಎಂದು ಕೋಲು ತಟ್ಟುತ್ತಾರೆ. ತಿರುಗಿದ ಟೇಪಿನಲ್ಲಿ ಆ ತಟ್ಟು ಹಾಡು ಮುಗಿದ ಮೇಲೆ ಕೇಳುತ್ತದೆ. ಆರಂಭದಲ್ಲಿ ಹಿಡಿಯಲು ಏನೂ ಇರುವುದಿಲ್ಲ. ತಿರುಗಿಸುವ ಉದ್ದೇಶ ಮೊದಲೇ ಇದ್ದರೆ ಹಾಡಿನ ಕೊನೆಯಲ್ಲೂ ಲಯ ತಪ್ಪದಂತೆ ನಾಲ್ಕು ತಟ್ಟು ಹಾಕಿಸಿಡಬೇಕು. ಇನ್ನು ಮನೆಯ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರ. ಅದು ಕ್ಯಾಸೆಟ್ಟಿನ ಎರಡೂ ಬದಿಯನ್ನು ಒಂದೇ ದಿಕ್ಕಿನಲ್ಲಿ ಬಳಸುತ್ತದೆ, ಆದ್ದರಿಂದ ಕ್ಯಾಸೆಟ್ಟನ್ನು ಮಗುಚಿದರೆ ಸಾಕು, ಹಾಡು ಹಿಂದಕ್ಕೆ ಓಡುತ್ತದೆ. ಇಲ್ಲಿ ಕಾಡುವುದು ಹಿಸ್ ತಗ್ಗಿಸುವ ಸರ್ಕೀಟು. ಅದನ್ನು ಹೊಂದಿಸಿರುವುದು ಪೆಟ್ಟು ಮೊದಲು, ಆರುವಿಕೆ ಆಮೇಲೆ ಎಂಬ ಕ್ರಮಕ್ಕೆ. ಕ್ರಮ ತಿರುಗಿದಾಗ ಅದಕ್ಕೆ ದಾರಿ ತಪ್ಪಿ, ಸದ್ದು ತಾನೇ ತಾನಾಗಿ ಏರಿಳಿಯತೊಡಗುತ್ತದೆ.

ಈಗ ಇದೆಲ್ಲ ಕಂಪ್ಯೂಟರಿನಲ್ಲಿ ಕ್ಷಣದ ಕೆಲಸ. ಅಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಹಾಡನ್ನು ತೆರೆದು, ಪೂರ್ತಿ ಆಯ್ದುಕೊಂಡು, ಎಫೆಕ್ಟ್ ಪಟ್ಟಿಯಲ್ಲಿರುವ ರಿವರ್ಸ್ ಒತ್ತಿದರೆ ಮುಗಿಯಿತು. ನಿಮ್ಮ ಬಳಿ ಈ ಆಲ್ಬಂ ಇದ್ದರೆ ‘ಡೋಂಟ್ ಸ್ಟಾಪ್’ ಅನ್ನು ಹೀಗೆ ತಿರುಗಿಸಿ ನೋಡಿ. ಬ್ರೌನ್ ಅವರ ಹೊಸ ಗಾಯನ ಅರ್ಥವಾಗದ ಗುಂಯ್‌ಗುಟ್ಟುವಿಕೆಯಾಗಿ ಹಿಂದೆ ಸರಿಯುತ್ತದೆ, ಅದರ ಅಡಿಯಿಂದ ‘ವಾಟರ್‌ಫಾಲ್’ ಮೇಲೇಳುತ್ತದೆ. ಹೆಡ್‌ಫೋನಿನಲ್ಲಿ ಕೇಳಿದರೆ ಒಳ್ಳೆಯದು. ನಿಮ್ಮದೇ ಹಾಡನ್ನು ತಿರುಗಿಸಿ ಅದರ ಮೇಲೆ ಹೊಸ ಡ್ರಮ್ಸ್ ಕೂರಿಸುವವರಿಗೆ ಒಂದು ಮಾತು: ಪರದೆಯ ಮೇಲೆ ಅಲೆ ಎಲ್ಲಿ ಶುರುವಾಗುತ್ತದೋ ಅಲ್ಲಿ ಪೆಟ್ಟು ಇಡಬೇಡಿ. ತಿರುಗಿದ ಸ್ವರದ ನಿಜವಾದ ತಾಳ ಇರುವುದು ಉಬ್ಬು ಮುಗಿದು ಸದ್ದು ಕಡಿಯುವ ಜಾಗದಲ್ಲಿ. ಅಲ್ಲಿ ಬೇಸ್ ಡ್ರಮ್ ಬಿದ್ದರೆ ಹಾಡು ನಡೆಯುತ್ತದೆ, ಮುಂಚೆ ಬಿದ್ದರೆ ಕುಂಟುತ್ತದೆ.

‘ಡೋಂಟ್ ಸ್ಟಾಪ್’ ಒಮ್ಮೆ ಮಾಡಿ ಬಿಟ್ಟ ಚಮತ್ಕಾರವಲ್ಲ. 1988ರ ‘ಎಲಿಫಂಟ್ ಸ್ಟೋನ್’ ಎಂಬ ಸಿಂಗಲ್, ಅಂದರೆ ಬಿಡಿಯಾಗಿ ಬಂದ ಹಾಡಿನ ಜೊತೆಗಿದ್ದ ‘ಫುಲ್ ಫ್ಯಾದಮ್ ಫೈವ್’ ಅದೇ ಹಾಡಿನ ತಿರುಗಿದ ರೂಪ. 1989ರ ‘ಮೇಡ್ ಆಫ್ ಸ್ಟೋನ್’ ಜೊತೆ ಬಂದ ‘ಗೆರ್ನಿಕಾ’ ಕೂಡ ಹಾಗೆಯೇ. ಮೊದಲ ಹೆಸರು ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ ಅವರ ಚಿತ್ರದ್ದು, ಎರಡನೆಯದು ಪಿಕಾಸೊ ಅವರ ಚಿತ್ರದ್ದು. ಸ್ಕ್ವೈರ್ ಸ್ವತಃ ಚಿತ್ರಕಾರರು. ಆಲ್ಬಮ್ಮಿನ ಹೊದಿಕೆಯ ಚಿತ್ರವೂ ಅವರದೇ: ಪೊಲಾಕ್ ರೀತಿಯಲ್ಲಿ ಬಣ್ಣ ಎರಚಿದ ಹಾಳೆ, ಬದಿಯಲ್ಲಿ ಫ್ರಾನ್ಸಿನ ಬಾವುಟದ ಮೂರು ಪಟ್ಟೆ, ಜೊತೆಗೆ ನಿಂಬೆಹಣ್ಣು. ಆ ನಿಂಬೆಹಣ್ಣು ಬರೆದದ್ದಲ್ಲ. ನಿಜವಾದ ಹಣ್ಣನ್ನೇ ಚಿತ್ರಕ್ಕೆ ಮೊಳೆ ಹೊಡೆದು ಕೂರಿಸಿ ಫೋಟೋ ತೆಗೆದರು. 1968ರ ಪ್ಯಾರಿಸ್ ಗಲಭೆಯಲ್ಲಿದ್ದ ಒಬ್ಬ ಫ್ರೆಂಚ್ ಹಿರಿಯರು, ಅಶ್ರುವಾಯು ತಡೆಯಲು ನಿಂಬೆ ಚೀಪುತ್ತಿದ್ದೆವು ಎಂದು ಬ್ರೌನ್ ಅವರಿಗೆ ಹೇಳಿದ್ದರಂತೆ. ಐದನೆಯ ಹಾಡು ‘ಬೈ ಬೈ ಬ್ಯಾಡ್‌ಮ್ಯಾನ್’ ಆ ಗಲಭೆಯನ್ನೇ ಕುರಿತದ್ದು.

ಉಳಿದ ಹಾಡುಗಳಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ಸ್ವಲ್ಪ ಕಿವಿಗೊಡಿ. ‘ಐ ವಾನ್ನ ಬಿ ಅಡೋರ್ಡ್’ ಬರೀ ಗುಡುಗಿನಂಥ ಗದ್ದಲದಿಂದ ಆರಂಭ. ಅದರೊಳಗಿಂದ ಮ್ಯಾನಿಯ ಬೇಸ್, ಆಮೇಲೆ ಗಿಟಾರ್, ಆಮೇಲೆ ಡ್ರಮ್ಸ್. ಬ್ರೌನ್ ಬಾಯಿ ತೆರೆಯುವ ಹೊತ್ತಿಗೆ ಸುಮಾರು ಒಂದೂವರೆ ನಿಮಿಷ ಕಳೆದಿರುತ್ತದೆ. ಹೊಸ ತಂಡವೊಂದು ತನ್ನ ಮೊದಲ ಆಲ್ಬಮ್ಮಿನ ಮೊದಲ ಹಾಡಿನಲ್ಲೇ ಕೇಳುಗರನ್ನು ಇಷ್ಟು ಕಾಯಿಸುವುದು ಅಪರೂಪ. ಕೊನೆಯ ‘ಐ ಆಮ್ ದ ರೆಸರೆಕ್ಷನ್’ ಎಂಟು ನಿಮಿಷ ದಾಟುತ್ತದೆ. ಅದರ ಅರ್ಧಕ್ಕೂ ಹೆಚ್ಚು ಭಾಗ ಬರೀ ವಾದ್ಯ. ಇಲ್ಲೂ ತಿರುಗಿಸುವ ಆಟವಿದೆ, ಆದರೆ ಟೇಪಿನದಲ್ಲ, ಬೆರಳಿನದು. ಕಾರ್ಯಕ್ರಮಕ್ಕೆ ಮುಂಚಿನ ಸೌಂಡ್ ಚೆಕ್ಕಿನಲ್ಲಿ ಮ್ಯಾನಿ ಬೀಟಲ್ಸ್ ತಂಡದ ‘ಟ್ಯಾಕ್ಸ್‌ಮನ್’ ಹಾಡಿನ ಬೇಸ್ ನುಡಿಯನ್ನು ಹಿಂದುಮುಂದಾಗಿ ನುಡಿಸುತ್ತಿದ್ದರು, ಉಳಿದವರು ತಮಾಷೆಗೆ ಜೊತೆಗೂಡುತ್ತಿದ್ದರು. ಆ ಹಾಡು ಬೆಳೆದದ್ದು ಅದರಿಂದಲೇ. ವಾದ್ಯಭಾಗದಲ್ಲಿ ರೆನಿಯವರ ಡ್ರಮ್ಸ್ ಒಂದನ್ನೇ ಹಿಂಬಾಲಿಸಿ ಒಮ್ಮೆ ಕೇಳಿ: ಹೊಡೆತಗಳ ನಡುವೆ ಸ್ನೇರ್ ಎಂಬ ಡ್ರಮ್ಮಿನ ಮೇಲೆ ಹಗುರಾಗಿ ಬೀಳುವ ಸಣ್ಣ ಪೆಟ್ಟುಗಳೇ ಅದನ್ನು ಕುಣಿಸುತ್ತವೆ.

ಕೇಳಲು ಕೂರುವ ಮೊದಲು ಹಾಡುಗಳ ಪಟ್ಟಿ ನೋಡಿಕೊಳ್ಳಿ. ಅಮೆರಿಕದಲ್ಲಿ ಬಂದ ಪ್ರತಿಗಳಲ್ಲಿ ‘ಎಲಿಫಂಟ್ ಸ್ಟೋನ್’ ನಡುವೆ ಸೇರಿತು, ಮುಂದಿನ ಪ್ರತಿಗಳ ಕೊನೆಯಲ್ಲಿ ‘ಫೂಲ್ಸ್ ಗೋಲ್ಡ್’ ಕೂಡ. ಎರಡೂ ಒಳ್ಳೆಯ ಹಾಡುಗಳೇ. ಆದರೆ ಬ್ರಿಟನ್ನಿನ ಮೂಲ ತಟ್ಟೆಯಲ್ಲಿ ಅವು ಇರಲಿಲ್ಲ, ಅಲ್ಲಿ ‘ರೆಸರೆಕ್ಷನ್’ ಆದ ಮೇಲೆ ಏನೂ ಇಲ್ಲ. ನಿಮ್ಮ ಪಟ್ಟಿಯಲ್ಲಿ 13 ಹಾಡುಗಳಿದ್ದರೆ ಆ ಎರಡನ್ನು ಪಕ್ಕಕ್ಕಿಟ್ಟು, 11 ಹಾಡುಗಳನ್ನು ಆ ಕ್ರಮದಲ್ಲೇ ನಡುವೆ ನಿಲ್ಲಿಸದೆ ಕೇಳಿ. ‘ವಾಟರ್‌ಫಾಲ್’ ಮತ್ತು ‘ಡೋಂಟ್ ಸ್ಟಾಪ್’ ಅಕ್ಕಪಕ್ಕದಲ್ಲೇ ಇರಬೇಕು, ಷಫಲ್ ಗುಂಡಿ ಮಾತ್ರ ಮುಟ್ಟಬೇಡಿ.

ನಮಸ್ಕಾರ.