ಆ ರಾತ್ರಿ ನಾನು ಏಳಲಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದು ತಪ್ಪನ್ನು ಒಪ್ಪಿಕೊಂಡೇ ಮಾತು ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಇಲಿಗಳ ಕಾಟ ವಿಪರೀತವಾಗಿತ್ತು. ಧಾನ್ಯದ ಚೀಲ ಕಡಿದಿದ್ದವು, ಮಕ್ಕಳ ಪುಸ್ತಕಗಳನ್ನು ಚೂರು ಮಾಡಿದ್ದವು. ಇಲಿ ಹಿಡಿಯುವ ಅಂಟುಹಲಗೆಯೊಂದನ್ನು ತಂದು ಗೋಡೆಯ ಮೂಲೆಯಲ್ಲಿಟ್ಟೆ. ರಟ್ಟಿನ ಮೇಲೆ ದಪ್ಪಗೆ ಅಂಟು ಬಳಿದಿರುತ್ತಾರೆ. ಅದರ ಮೇಲೆ ಕಾಲಿಟ್ಟ ಇಲಿ ಮತ್ತೆ ಕಾಲೆತ್ತಲಾರದು. ನಡುರಾತ್ರಿ ಕೀರಲು ದನಿ ಕೇಳಿ ಎಚ್ಚರವಾಯಿತು. ಅದೇನೆಂದು ತಕ್ಷಣ ತಿಳಿಯಿತು. ಎದ್ದು ಹೋಗಬೇಕು ಎಂದು ಮನಸ್ಸು ಒಮ್ಮೆ ಹೇಳಿತು, ಒಂದೇ ಒಂದು ಸಲ. ನಾನು ಏಳಲಿಲ್ಲ. ಮಗ್ಗುಲು ಬದಲಿಸಿ ಹೊದಿಕೆಯನ್ನು ಕಿವಿಯ ಮೇಲೆಳೆದುಕೊಂಡೆ.

ಬೆಳಿಗ್ಗೆ ನೋಡಿದಾಗ ಅದಕ್ಕೆ ಇನ್ನೂ ಜೀವವಿತ್ತು. ಬಿಡಿಸಿಕೊಳ್ಳಲು ಹೆಣಗಾಡಿ ಮೈಯ ಒಂದು ಪಕ್ಕವೇ ಅಂಟಿಗೆ ಸಿಕ್ಕಿಕೊಂಡಿತ್ತು, ಅಲ್ಲಲ್ಲಿ ಕೂದಲು ಕಿತ್ತು ಬಂದಿತ್ತು. ಪಕ್ಕೆಗಳು ಬೇಗಬೇಗನೆ ಏರಿಳಿಯುತ್ತಿದ್ದವು. ಅಡುಗೆ ಎಣ್ಣೆ ಸುರಿದರೆ ಆ ಅಂಟು ಸಡಿಲಗೊಳ್ಳುತ್ತದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಆ ರಾತ್ರಿ ನನ್ನ ಮನಸ್ಸಿಗೆ ನಾನೇ ಕೊಟ್ಟ ಉತ್ತರಗಳು ಇಂದಿಗೂ ನೆನಪಿವೆ. ‘ಇಲಿ ತಾನೇ’ ಎಂದೆ. ‘ಎಲ್ಲರೂ ಇಡುತ್ತಾರೆ’ ಎಂದೆ. ‘ತಪ್ಪಾಗಿದ್ದರೆ ಅಂಗಡಿಯಲ್ಲಿ ಮಾರಲು ಬಿಡುತ್ತಿದ್ದರೇ?’ ಎಂದೂ ಕೇಳಿಕೊಂಡೆ. ಈ ಮೂರನೆಯ ಮಾತು ಬಹಳ ಅಪಾಯಕಾರಿ. ಹೀಗೆ ಕೇಳಿಕೊಂಡ ಕೂಡಲೇ ನಮ್ಮ ಹೊಣೆ ಅಂಗಡಿಯವನ ಹೆಗಲಿಗೆ, ಅಲ್ಲಿಂದ ಕಾನೂನಿನ ಹೆಗಲಿಗೆ ಜಾರುತ್ತದೆ. ಇಂಗ್ಲೆಂಡಿನಲ್ಲಿ ಇಂಥ ಅಂಟುಹಲಗೆಗಳ ಬಳಕೆಗೆ ಕಡಿವಾಣ ಹಾಕುವ ಕಾನೂನು ಬಂದದ್ದು 2022ರಲ್ಲಿ. ಅದಕ್ಕೂ ಮೊದಲು ಅಲ್ಲಿ ಅಂಟಿಗೆ ಸಿಕ್ಕಿದ ಇಲಿಗಳಿಗೆ ನೋವು ಕಡಿಮೆಯಾಗಿತ್ತೇ? ನೋವು ಮೊದಲಿನಿಂದಲೂ ಇತ್ತು. ಕಾನೂನು ಅದನ್ನು ಕಾಣಲು ಅಷ್ಟು ಕಾಲ ಬೇಕಾಯಿತು. ಅದರ ಕಣ್ಣು ತೆರೆಯುವವರೆಗಿನ ಕಾಲದಲ್ಲಿ ಆ ಜೀವಕ್ಕೆ ದಿಕ್ಕೆಂದು ಇದ್ದದ್ದು ಮನುಷ್ಯನ ಆತ್ಮಸಾಕ್ಷಿ ಮಾತ್ರ.

2011ರಲ್ಲಿ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗವೊಂದು ಪ್ರಕಟವಾಯಿತು. ಒಂದೇ ಪಂಜರದಲ್ಲಿ ಜೊತೆಯಾಗಿ ಬಾಳಿದ ಎರಡು ಇಲಿಗಳಲ್ಲಿ ಒಂದನ್ನು ಇಕ್ಕಟ್ಟಾದ ಪಾರದರ್ಶಕ ಕೊಳವೆಯಲ್ಲಿ ಕೂಡಿಹಾಕಿ, ಇನ್ನೊಂದನ್ನು ಹೊರಗೆ ಬಿಟ್ಟರು. ಬಾಗಿಲು ತೆರೆಯುವುದನ್ನು ಯಾರೂ ಕಲಿಸಿರಲಿಲ್ಲ. ಹೊರಗಿನ ಇಲಿ ದಿನದಿನವೂ ಸುತ್ತಿ, ತಡಕಾಡಿ, ಕೊನೆಗೆ ಬಾಗಿಲು ತೆರೆಯುವುದನ್ನು ತಾನೇ ಕಲಿತು ಜೊತೆಗಾರನನ್ನು ಬಿಡಿಸಿತು. ಪಕ್ಕದಲ್ಲಿ ಮತ್ತೊಂದು ಕೊಳವೆಯಲ್ಲಿ ಚಾಕೊಲೇಟ್ ಇಟ್ಟು ನೋಡಿದರು. ಹೊರಗಿನ ಇಲಿಗಳು ಎರಡೂ ಬಾಗಿಲುಗಳನ್ನು ತೆರೆದವು, ಅನೇಕ ಸಲ ಚಾಕೊಲೇಟನ್ನೂ ಹಂಚಿಕೊಂಡವು. ಇದನ್ನು ತಿಳಿಯಲು ಇಲಿಯನ್ನೇ ಕೂಡಿಹಾಕಬೇಕಾಯಿತಲ್ಲ ಎಂಬ ಸಂಕಟವೂ ನನಗಿದೆ. ಆದರೆ ಮೊದಲ ಸಲ ಓದಿದಾಗ ನನ್ನನ್ನು ಇರಿದದ್ದು ಬೇರೆಯೇ ವಿಷಯ. ಸಿಕ್ಕಿಬಿದ್ದ ಜೀವದ ಬಳಿಗೆ ಇಲಿ ಎದ್ದು ಹೋಗಿತ್ತು. ನಾನು ಹೋಗಿರಲಿಲ್ಲ.

ಹಾಗಾದರೆ ಇಲಿಗಳನ್ನು ಮನೆಯಲ್ಲಿ ಸಾಕಬೇಕೇ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಇಲಿ ಬೆಳೆಯನ್ನು ಹಾಳುಮಾಡುತ್ತದೆ, ಇಲಿಜ್ವರದಂಥ ರೋಗವನ್ನು ಹರಡುತ್ತದೆ. ಇನ್ನೊಂದು ಜೀವಕ್ಕೆ ಸ್ವಲ್ಪವೂ ಹಾನಿಯಾಗದಂತೆ ಬಾಳಲು ನಮ್ಮಿಂದ ಸಾಧ್ಯವಿಲ್ಲ; ಒಕ್ಕಲು ಮಾಡುವ ಮಣ್ಣಿನಲ್ಲೂ ಜೀವಗಳಿವೆ. ಈ ಸತ್ಯವನ್ನು ನಾವು ಬಳಸುವ ರೀತಿಯಲ್ಲೇ ನನಗೆ ತಕರಾರಿದೆ. ಪೂರ್ತಿ ಆಗುವುದಿಲ್ಲ ಎಂದಮೇಲೆ ಸ್ವಲ್ಪವೂ ಬೇಡ ಎಂದು ಕೈಚೆಲ್ಲುತ್ತೇವೆ.

ಇಲ್ಲಿ ನನಗೆ ಅಶೋಕ ಚಕ್ರವರ್ತಿಯ ಮೊದಲನೆಯ ಬಂಡೆ ಶಾಸನ ನೆನಪಾಗುತ್ತದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಮಾತು. ಹಿಂದೆ ತನ್ನ ಅರಮನೆಯ ಅಡುಗೆಗಾಗಿ ದಿನವೂ ಲಕ್ಷಾಂತರ ಪ್ರಾಣಿಗಳನ್ನು ಕೊಲ್ಲುತ್ತಿದ್ದರು ಎಂದು ಅದರಲ್ಲಿ ಬರೆಸಿದ್ದಾನೆ. ಈ ಶಾಸನ ಬರೆಸುವ ಹೊತ್ತಿಗೆ ಕೊಲ್ಲುತ್ತಿರುವುದು ಮೂರನ್ನು ಮಾತ್ರ: ಎರಡು ನವಿಲು, ಒಂದು ಜಿಂಕೆ, ಆ ಜಿಂಕೆಯೂ ನಿತ್ಯವಲ್ಲ. ಮುಂದೆ ಈ ಮೂರನ್ನೂ ಕೊಲ್ಲುವುದಿಲ್ಲ ಎಂದಿದ್ದಾನೆ. ಅವನು ಬಯಸಿದ್ದರೆ ‘ನನ್ನ ಮನೆಯಲ್ಲಿ ಹಿಂಸೆ ನಿಂತಿದೆ’ ಎಂದು ಕೆತ್ತಿಸಬಹುದಿತ್ತು. ಚಕ್ರವರ್ತಿಯ ಅಡುಗೆಮನೆಗೆ ಹೋಗಿ ನವಿಲು ಎಣಿಸುವವರು ಯಾರು? ಆದರೂ ಉಳಿದಿದ್ದ ಮೂರನ್ನು ಮುಚ್ಚಿಡದೆ, ಊರೆಲ್ಲ ಓದುವಂತೆ ಕಲ್ಲಿನಲ್ಲಿ ಬರೆಸಿದ. ಆತ್ಮಸಾಕ್ಷಿಗೆ ತಲೆಬಾಗುವುದೆಂದರೆ ಏನೆಂದು ಯಾರಾದರೂ ಕೇಳಿದರೆ ನಾನು ಆ ಮೂರರ ಲೆಕ್ಕವನ್ನು ತೋರಿಸುತ್ತೇನೆ.

ನಾನೂ ಒಂದು ಪಟ್ಟಿ ಇಟ್ಟುಕೊಂಡಿದ್ದೇನೆ, ಹಳೆಯ ನೋಟ್‌ಪುಸ್ತಕದ ಹಿಂದಿನ ಪುಟದಲ್ಲಿ. ಕಾಲಿನ ಚರ್ಮದ ಚಪ್ಪಲಿ ಅದರಲ್ಲಿದೆ. ದಿನವೂ ನುಂಗುವ ಮಾತ್ರೆಯಿದೆ. ಮನುಷ್ಯರಿಗೆ ಕೊಡುವ ಮೊದಲು ಅದನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿರುತ್ತಾರೆ. ಮಾತ್ರೆಯನ್ನು ನಾನು ಬಿಡಲಾರೆ. ಬಿಡಲಾರೆ ಎಂದೇ ಬರೆದಿದ್ದೇನೆ. ಚಪ್ಪಲಿ ಸವೆದ ಮೇಲೆ ಚರ್ಮದ್ದನ್ನು ಮತ್ತೆ ಕೊಳ್ಳುವುದಿಲ್ಲ. ಅಂಟುಹಲಗೆಯ ಮೇಲೆ ಮಾತ್ರ ಅಡ್ಡಗೆರೆ ಎಳೆದಿದ್ದೇನೆ. ಧಾನ್ಯವನ್ನು ಮುಚ್ಚಳವಿರುವ ಡಬ್ಬಿಗಳಿಗೆ ತುಂಬಿದೆ. ಕಿರುಬೆರಳು ತೂರುವಷ್ಟು ಕಿಂಡಿಯಿದ್ದರೂ ಸಣ್ಣ ಇಲಿ ಒಳಗೆ ಬರಬಲ್ಲದು. ಅಂಥ ಏಳು ಕಿಂಡಿಗಳನ್ನು ಹುಡುಕಿ, ತಂತಿ ತುರುಕಿ ಸಿಮೆಂಟಿನಿಂದ ಮುಚ್ಚಿದೆ. ಒಂದು ಭಾನುವಾರದ ಅರ್ಧ ದಿನ ಹಿಡಿಯಿತು, ಅಷ್ಟೇ. ಅಂಟುಹಲಗೆ ತರುವ ಮೊದಲೂ ಭಾನುವಾರಗಳಿದ್ದವು.

ನಮಸ್ಕಾರ.