ಚೀಲ ಕೊಡವುವವರು ಯಾರು?

ನಮಸ್ಕಾರ. ಇವತ್ತು ವ್ಯಾಕ್ಯೂಮ್ ಕ್ಲೀನರ್ ವಿಷಯ. ಯಾವುದನ್ನು ಕೊಳ್ಳಬೇಕು ಅಂತ ಹೇಳುವ ವಿಡಿಯೋ ಅಲ್ಲ ಇದು. ಅಂಥವು ಬೇಕಾದಷ್ಟಿವೆ. ಇಷ್ಟು ವಾಟ್, ಎಳೆಯುವ ಶಕ್ತಿ ಇಷ್ಟು ಪಾಸ್ಕಲ್, ಬ್ಯಾಟರಿ ಇಷ್ಟು ಹೊತ್ತು ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಎಳೆದುಕೊಂಡ ಧೂಳನ್ನು ಆಮೇಲೆ ಯಾರು ತೆಗೆದು ಹಾಕಬೇಕು ಅನ್ನುವುದನ್ನು ಮಾತ್ರ ಯಾರೂ ಎತ್ತುವುದಿಲ್ಲ. ನನ್ನ ತಕರಾರು ಇರುವುದು ಅಲ್ಲೇ. ನಮ್ಮ ಮನೆಗೆ ಇಷ್ಟು ವರ್ಷದಲ್ಲಿ ತರಾವರಿ ಯಂತ್ರ ಬಂದು ಹೋದವು. ಪೈಪು ಹಿಡಿದವರು ಗಂಡಸರು. ಧೂಳು ಬಳಿದವರು ಹೆಂಗಸರು. ಮಾಡೆಲ್ ಬದಲಾಯಿತು, ಈ ಲೆಕ್ಕ ಬದಲಾಗಲಿಲ್ಲ.

ಮೊದಲನೆಯದು ಬಂದಿದ್ದು ತೊಂಬತ್ತರ ದಶಕದ ಶುರುವಿನಲ್ಲಿ, ಮೈಸೂರಿನ ಮನೆಗೆ. ಆಗ ಇದನ್ನು ಅಂಗಡಿಗೆ ಹೋಗಿ ತರುವ ರೂಢಿ ಅಷ್ಟಾಗಿ ಇರಲಿಲ್ಲ. ಅದೇ ಮನೆ ಬಾಗಿಲಿಗೆ ಬರುತ್ತಿತ್ತು. 1982ರಲ್ಲಿ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಜೊತೆ ಸೇರಿ ಶುರುವಾದ ಯುರೇಕಾ ಫೋರ್ಬ್ಸ್, ಈ ಮನೆಮನೆ ಮಾರಾಟವನ್ನು ಊರೂರಿಗೆ ತಲುಪಿಸಿತ್ತು. ಅವರ ಯಂತ್ರ ಯೂರೋಕ್ಲೀನ್ ಅಂದರೆ ನಮ್ಮ ತಲೆಮಾರಿನವರಿಗೆ ಈಗಲೂ ನೆನಪಾಗುವುದು ಟೈ ಕಟ್ಟಿಕೊಂಡು ಬಿಸಿಲಲ್ಲಿ ಪೆಟ್ಟಿಗೆ ಹೊತ್ತು ಬರುತ್ತಿದ್ದ ಹುಡುಗರು. "ತಗೋಳ್ಲೇಬೇಕು ಅಂತಿಲ್ಲ ಮೇಡಂ, ಸುಮ್ನೆ ಡೆಮೋ ನೋಡಿ."

ನಮ್ಮ ಮನೆಗೆ ಬಂದವನು ಯಾವ ಕಂಪನಿಯವನು ಅನ್ನುವುದು ಇಲ್ಲಿ ಬೇಡ. ಡೆಮೋ ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ಥರ. ಅವನು ನೆಲದ ತಂಟೆಗೆ ಹೋಗಲಿಲ್ಲ. ನಮ್ಮದು ರೆಡ್ ಆಕ್ಸೈಡ್ ನೆಲ, ಬೆಳಿಗ್ಗೆ ತಾನೇ ಗುಡಿಸಿ ಒರೆಸಿದ್ದು, ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಸೀದಾ ಮಂಚಕ್ಕೆ ಹೋದ. ಪೈಪು ಸೇರುವ ಕಡೆ ಒಂದು ಬಿಳಿ ಬಟ್ಟೆ ಸಿಕ್ಕಿಸಿ, ಹಾಸಿಗೆ ಮೇಲೆ ನಾಲ್ಕು ಸಲ ಎಳೆದ. ಬಟ್ಟೆ ಬಿಚ್ಚಿ ತೋರಿಸಿದರೆ ನಡುವೆ ದುಂಡಗೆ, ಬೂದಿ ಬಣ್ಣದ ಧೂಳು. "ನೀವು ದಿನಾ ಮಲಗೋದು ಇದರ ಮೇಲೆ ಮೇಡಂ." ಅಮ್ಮನ ಮುಖ ಸಣ್ಣದಾಯಿತು. ಹೊರಗಿನವನ ಮುಂದೆ ತನ್ನ ಮನೆಯ ಹಾಸಿಗೆ ಗಲೀಜು ಅಂತಾಯಿತಲ್ಲ! ಅವರು ಮಾರುತ್ತಿದ್ದದ್ದು ಯಂತ್ರವನ್ನಲ್ಲ, ಆ ನಾಚಿಕೆಯನ್ನು. ನಾಚಿಕೆ ಅಮ್ಮನದು, ಕಂತಿನ ಫಾರಂಗೆ ಸಹಿ ಅಪ್ಪನದು.

ಆ ಬಟ್ಟೆಯ ಆಟಕ್ಕೆ ದೊಡ್ಡ ಇತಿಹಾಸವೇ ಇದೆ. 1901ರಲ್ಲಿ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಒಂದು ಪ್ರದರ್ಶನಕ್ಕೆ ಹೋಗಿದ್ದ. ಅಲ್ಲಿನ ಯಂತ್ರ ಧೂಳನ್ನು ಊದುತ್ತಿತ್ತು. ಊದುವ ಬದಲು ಎಳೆದರೆ ಹೇಗೆ ಅಂತ ಇವನಿಗೆ ಹೊಳೆಯಿತು. ಹೋಟೆಲಿನ ಮೆತ್ತನೆ ಕುರ್ಚಿಯ ಮೇಲೆ ಕರ್ಚೀಫು ಹಾಕಿ, ಬಾಯಿಟ್ಟು ಉಸಿರು ಎಳೆದು ನೋಡಿದ. ಕರ್ಚೀಫಿನ ಅಡಿಗೆ ಧೂಳು ಹತ್ತಿಕೊಂಡಿತ್ತು. ಅವನು ಮಾಡಿದ ಯಂತ್ರ ಮನೆಯೊಳಗೆ ಹಿಡಿಸುತ್ತಲೇ ಇರಲಿಲ್ಲ. ಕುದುರೆ ಗಾಡಿಯ ಮೇಲೆ ತಂದು ಬೀದಿಯಲ್ಲಿ ನಿಲ್ಲಿಸಿ, ಕಿಟಕಿಯಿಂದ ಉದ್ದದ ಪೈಪು ಒಳಗೆ ಬಿಡುತ್ತಿದ್ದರು. 1902ರಲ್ಲಿ ಏಳನೇ ಎಡ್ವರ್ಡ್ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ರತ್ನಗಂಬಳಿ ಕ್ಲೀನ್ ಮಾಡಿದ್ದು ಅದೇ. ಶುರುವಿನಿಂದಲೂ ಇದೊಂದು ನೋಡುವ ಆಟ ಅಂತ ಅದಕ್ಕೇ ಹೇಳುವುದು.

ನಮ್ಮನೆ ಆಟ ಭಾನುವಾರ. ಅಪ್ಪ ಜೀವಮಾನದಲ್ಲಿ ಪೊರಕೆ ಮುಟ್ಟಿದವರಲ್ಲ. ಪೊರಕೆ ಕಾಲಿಗೆ ತಗುಲಿದರೂ ಮುಖ ಸಿಂಡರಿಸುತ್ತಿದ್ದವರು. ಅಂಥವರು ಕಾಫಿ ಮುಗಿಸಿ ಪಂಚೆ ಎತ್ತಿ ಕಟ್ಟಿ, ಅಟ್ಟದಿಂದ ಪೆಟ್ಟಿಗೆ ಇಳಿಸಿ, ಪೈಪಿಗೆ ಪೈಪು ಜೋಡಿಸಿ ಸ್ವಿಚ್ ಹಾಕುತ್ತಿದ್ದರು. ಪಕ್ಕದ ಮನೆಯವರಿಗೂ ಗೊತ್ತಾಗಬೇಕು, ಅಷ್ಟು ಸದ್ದು. ಸೋಫಾ ಸಂದಿಗೆ ಚಪ್ಪಟೆ ಮೂತಿ, ಪರದೆಗೆ ಬ್ರಷ್ ಇದ್ದ ಮೂತಿ, ಫ್ಯಾನಿಗೆ ಉದ್ದದ ಕೊಳವೆ. ಪ್ರತಿಯೊಂದನ್ನೂ ಒರೆಸಿ ಇಡುತ್ತಿದ್ದರು. ಆಯುಧಪೂಜೆಗೆ ಸ್ಕೂಟರ್, ಮಿಕ್ಸಿ ಜೊತೆ ಇದಕ್ಕೂ ಅರಿಶಿನ ಕುಂಕುಮ, ಮೂತಿಗೊಂದು ಸೇವಂತಿಗೆ. ಪೊರಕೆಗೆ ಪ್ಲಗ್ ಇದ್ದಿದ್ದರೆ ನಮ್ಮ ಗಂಡಸರು ಯಾವತ್ತೋ ಗುಡಿಸಲು ಶುರು ಮಾಡುತ್ತಿದ್ದರು ಅಂತ ನನಗೆ ಅನುಮಾನ!

ಆದರೆ ಅಪ್ಪನ ಕೆಲಸ ಸ್ವಿಚ್ ಆಫ್ ಆದಲ್ಲಿಗೆ ಮುಗಿಯಿತು. ಮುಂದಿನದು ಅಮ್ಮನದು. ಡಬ್ಬಿಯ ಕ್ಲಿಪ್ ತೆಗೆದರೆ ಒಳಗೆ ಬಟ್ಟೆಯ ಚೀಲ. ಅದನ್ನು ಒಂದು ಕೈಯಲ್ಲಿ ಮೈಯಿಂದ ದೂರ ಹಿಡಿದುಕೊಂಡು, ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಹೋಗುತ್ತಿದ್ದಳು. ಕಾಂಪೌಂಡ್ ಗೋಡೆಗೆ ಪಟ್ ಪಟ್ ಅಂತ ಬಡಿಯುತ್ತಿದ್ದಳು. ಮೊದಲು ದಪ್ಪನೆಯ ಕಸ ಬೀಳುತ್ತಿತ್ತು: ಕೂದಲಿನ ಉಂಡೆ, ಕಡಲೆಕಾಯಿ ಸಿಪ್ಪೆ, ನನ್ನ ಹೇರ್ ಪಿನ್ನು. ಆಮೇಲೆ ಹೊಗೆಯಂಥ ಧೂಳು. ಗಾಳಿ ಈ ಕಡೆ ತಿರುಗಿದರೆ ಅದರಲ್ಲಿ ಅರ್ಧ ಅಮ್ಮನ ತಲೆ ಮೇಲೆ, ಒಣಗಲು ಹಾಕಿದ ಬಟ್ಟೆ ಮೇಲೆ. ವಾರವೆಲ್ಲ ಕೂತ ಧೂಳನ್ನು ಯಂತ್ರ ಒಂದು ಕಡೆ ಗುಡ್ಡೆ ಹಾಕಿ ಅಮ್ಮನ ಮುಖಕ್ಕೆ ಕೊಡುತ್ತಿತ್ತು, ಅಷ್ಟೇ.

ಚೀಲ ಕೊಡವದಿದ್ದರೆ ಏನಾಗುತ್ತದೆ? ಯಂತ್ರ ಧೂಳನ್ನು ಕೈಹಾಕಿ ಎಳೆಯುವುದಿಲ್ಲ. ಒಳಗಿನ ಫ್ಯಾನ್ ಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ, ಒಳಗೆ ಒತ್ತಡ ಕಮ್ಮಿಯಾಗುತ್ತದೆ, ಹೊರಗಿನ ಗಾಳಿ ಧೂಳಿನ ಸಮೇತ ನುಗ್ಗುತ್ತದೆ. ಆ ಗಾಳಿ ಬಟ್ಟೆಯ ಸಣ್ಣ ಸಣ್ಣ ತೂತಿನಿಂದಲೇ ಹೊರಗೆ ಹೋಗಬೇಕು. ನುಣ್ಣನೆ ಧೂಳು ಆ ತೂತುಗಳನ್ನು ಮುಚ್ಚಿದರೆ ಮುಗಿಯಿತು. ಗಾಳಿ ಓಡದಿದ್ದರೆ ಫ್ಯಾನಿಗೆ ಭಾರ ಇಲ್ಲ, ಮೋಟಾರು ಇನ್ನೂ ಜೋರಾಗಿ ತಿರುಗುತ್ತದೆ, ಸದ್ದು ಸಣ್ಣಗೆ ಕೀರಲಾಗುತ್ತದೆ. ಅಮ್ಮ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಲೇ "ರೀ, ಚೀಲ ತುಂಬಿದೆ, ನಿಲ್ಲಿಸಿ" ಅಂತ ಕೂಗುತ್ತಿದ್ದಳು. ಪೈಪು ಹಿಡಿದ ಅಪ್ಪನಿಗೆ ಅದು ಕೇಳಿಸುತ್ತಿರಲಿಲ್ಲ. ಹಳೇ ಯಂತ್ರಗಳಲ್ಲಿ ಹೆಚ್ಚಿನವುಗಳ ಮೋಟಾರನ್ನು ತಣ್ಣಗಿಡುವುದೂ ಆ ಗಾಳಿಯೇ. ಕೊನೆಗೊಂದು ದಿನ ಸುಟ್ಟ ವಾಸನೆ ಬಂತು. ಮಿಕ್ಸಿ ರಿಪೇರಿಯವರೇ ಬಿಚ್ಚಿ ನೋಡಿ "ಕಾರ್ಬನ್ ಹೋಗಿದೆ ಸಾರ್" ಅಂದರು. ಮಿಕ್ಸಿಗೂ ಇದಕ್ಕೂ ಮೋಟಾರು ಒಂದೇ ಜಾತಿಯದು, ಎರಡರಲ್ಲೂ ಸವೆಯುವುದು ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಆ ಕಾರ್ಬನ್ ಬ್ರಷ್ಷೇ. ಹೊಸದು ಹಾಕಿ ಕೊಟ್ಟರು, ಮತ್ತೆ ವರ್ಷಗಟ್ಟಲೆ ಓಡಿತು. ಈಗ ಅಷ್ಟು ಸಲೀಸಾಗಿ ಯಾವುದು ರಿಪೇರಿಯಾಗುತ್ತದೆ ಹೇಳಿ?

ನಡುವೆ ಒಂದು ಮಾತು. ದೀಪ ಹಚ್ಚಿದ ಮೇಲೆ ಕಸ ಗುಡಿಸಿದರೆ ಲಕ್ಷ್ಮಿ ಹೊರಟು ಹೋಗುತ್ತಾಳೆ ಅಂತಾರಲ್ವಾ. ಒಂದು ಸಂಜೆ ಅವಲಕ್ಕಿ ಚೆಲ್ಲಿತು. ಅಪ್ಪ ಯಂತ್ರ ಇಳಿಸಿದರು. ಇದು ಗುಡಿಸಿದ ಲೆಕ್ಕವೋ ಅಲ್ಲವೋ ಅಂತ ಚರ್ಚೆಯಾಯಿತು. ಅಜ್ಜಿ ಸ್ವಲ್ಪ ಯೋಚಿಸಿ ತೀರ್ಪು ಕೊಟ್ಟರು: "ಅದು ಕಸಾನ ಹೊರಗೆ ಹಾಕಲ್ವಲ್ಲ, ಹೊಟ್ಟೇಲೇ ಇಟ್ಕೊಳುತ್ತೆ. ಲಕ್ಷ್ಮಿ ಎಲ್ಲಿಗೆ ಹೋಗ್ತಾಳೆ? ಹಾಕೋ. ಚೀಲ ಮಾತ್ರ ಬೆಳಿಗ್ಗೆ ಕೊಡವಲಿ." ಇಷ್ಟು ಚೆನ್ನಾಗಿ ಆ ಯಂತ್ರವನ್ನು ಅರ್ಥ ಮಾಡಿಕೊಂಡವರು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. "ಕೊಡವಲಿ" ಅಂದಿದ್ದು ಯಾರಿಗೆ ಅಂತ ಕೇಳುವ ಹಾಗೇ ಇಲ್ಲ ಬಿಡಿ.

ಅದರಲ್ಲಿ ಊದುವ ವ್ಯವಸ್ಥೆಯೂ ಇತ್ತು. ಪೈಪನ್ನು ಹಿಂದಿನ ತೂತಿಗೆ ಸಿಕ್ಕಿಸಿದರಾಯಿತು. ಅಣ್ಣ ಅದರಿಂದ ಬಚ್ಚಲ ಹಂಡೆಯ ಒಲೆ ಊದಲು ಹೋಗಿ, ತೆಂಗಿನ ಸಿಪ್ಪೆಯ ಬೂದಿಯನ್ನೆಲ್ಲ ಗೋಡೆಗೆ ಬಳಿದ. ಆ ಗೋಡೆ ತೊಳೆದವರು ಯಾರು? ಹೇಳಬೇಕಾ?

ಆಮೇಲೆ ಹೊಸ ಮನೆಗೆ ಡ್ರಮ್ಮಿನಂಥ ದೊಡ್ಡದೊಂದು ಬಂತು. ನೀರನ್ನೂ ಎಳೆಯುತ್ತದೆ ಅಂತ. ನೀರು ಎಳೆಯುವ ಸಂದರ್ಭವೇ ಬರಲಿಲ್ಲ. ಅದು ಈಗ ಬಾಲ್ಕನಿಯಲ್ಲಿದೆ, ಮೇಲೊಂದು ಮನಿಪ್ಲಾಂಟ್. ಕಾರಿಗೆ ಅಂತ ತಂದ ಪುಟ್ಟದರ ಬಗ್ಗೆ ಮಾತಾಡುವುದೂ ದಂಡ.

ಅಸಲಿಗೆ ನಮ್ಮ ನೆಲಕ್ಕೆ ಹೇಳಿ ಮಾಡಿಸಿದ ಯಂತ್ರ ಅಲ್ಲ ಇದು. ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿದ ಮನೆಗಳಲ್ಲಿ ಬೆಳೆದದ್ದು. ನಮ್ಮ ದೊಡ್ಡಮ್ಮ ಮಗನ ಮನೆ ಅಂತ ನ್ಯೂಜೆರ್ಸಿಗೆ ಹೋಗಿ ಬಂದವರು, "ಅಲ್ಲಿ ಪೊರಕೆ ಹಾಕೋಕೆ ನೆಲಾನೇ ಇಲ್ಲ ಕಣೇ" ಅಂದಿದ್ದರು. ಇಲ್ಲಿ ಗುಡಿಸಿದರೆ ಸಾಲದು, ಒರೆಸಲೂ ಬೇಕು. ಹಾಗಾಗಿ ಯಂತ್ರ ಮಾಡುವುದು ಅರ್ಧ ಕೆಲಸ. ನಮ್ಮಲ್ಲಿ ಅದರ ನಿಜವಾದ ಉಪಯೋಗ ಇರುವುದು ಕಿಟಕಿಯ ಸೊಳ್ಳೆ ಪರದೆಗೆ, ಪುಸ್ತಕದ ಕಪಾಟಿಗೆ, ಹಾಸಿಗೆಗೆ. ನವರಾತ್ರಿಗೆ ಬೊಂಬೆ ಇಳಿಸುವಾಗ ಮೆತ್ತನೆ ಬ್ರಷ್ ಹಾಕಿ ಎಳೆದರೆ ಬಣ್ಣವೂ ಹೋಗದೆ ಧೂಳು ಹೋಗುತ್ತದೆ. ಅಂಗಡಿಯಲ್ಲಿ ಯಾರೂ ಇದನ್ನು ಹೇಳುವುದಿಲ್ಲ, ವಾಟ್ ಹೇಳುತ್ತಾರೆ. ವಾಟ್ ಅಂದರೆ ಅದು ತಿನ್ನುವ ಕರೆಂಟು, ಮಾಡುವ ಕೆಲಸ ಅಲ್ಲ. ಯುರೋಪಿನಲ್ಲಿ 2014ರಲ್ಲಿ 1600 ವಾಟ್‌ಗಿಂತ ಜಾಸ್ತಿ ಇರಬಾರದು ಅಂದರು, 2017ರಲ್ಲಿ ಅದನ್ನು 900ಕ್ಕೆ ಇಳಿಸಿದರು. ಅಲ್ಲಿಯ ಕಾರ್ಪೆಟ್‌ಗಳೇನೂ ಗಲೀಜಾಗಿ ಹೋಗಲಿಲ್ಲ.

ಈ ಯಂತ್ರದ ಕಥೆಯೆಲ್ಲ ಸುತ್ತಿ ಬರುವುದು ಚೀಲಕ್ಕೇ. ಅಮೆರಿಕದ ಓಹಾಯೋದಲ್ಲಿ ಜೇಮ್ಸ್ ಮರ್ರೆ ಸ್ಪಾಂಗ್ಲರ್ ಅಂತ ಒಬ್ಬ ಇದ್ದ. ಒಂದು ಅಂಗಡಿಯಲ್ಲಿ ಕಸ ಗುಡಿಸುವ ಕೆಲಸ, ಜೊತೆಗೆ ಆಸ್ತಮಾ. ಧೂಳು ತಡೆಯಲಾಗದೆ ತಾನೇ ಒಂದು ಯಂತ್ರ ಕಟ್ಟಿದ. ಪೊರಕೆಯ ಹಿಡಿ, ಫ್ಯಾನಿನ ಮೋಟಾರು, ಧೂಳು ಹಿಡಿಯಲು ದಿಂಬಿನ ಕವರ್. 1908ರಲ್ಲಿ ಪೇಟೆಂಟ್ ಸಿಕ್ಕಿತು. ಅದನ್ನು ಕೊಂಡ ಹೂವರ್ ಹೆಸರು ಜಗತ್ತಿಗೆಲ್ಲ ಗೊತ್ತು, ಸ್ಪಾಂಗ್ಲರ್ ಯಾರಿಗೂ ಗೊತ್ತಿಲ್ಲ. ದಿನಾ ಗುಡಿಸುವವನು ಮಾಡಿದ್ದು ನೋಡಿ, ಅದಕ್ಕೇ ಅವನಿಗೆ ಮೊದಲು ಹೊಳೆದದ್ದು ಧೂಳು ಮೂಗಿಗೆ ಬರಬಾರದು ಅಂತ. ಎಷ್ಟೋ ವರ್ಷ ಆದಮೇಲೆ ಜೇಮ್ಸ್ ಡೈಸನ್ ಚೀಲವೇ ಬೇಡ ಅಂತ ಹೊರಟ. 5127 ಮಾದರಿ ಮಾಡಿ ನೋಡಿದ ಅಂತ ಅವನೇ ಹೇಳಿಕೊಳ್ಳುತ್ತಾನೆ. ಗಾಳಿಯನ್ನು ಸುಳಿಯಂತೆ ತಿರುಗಿಸಿ ಧೂಳನ್ನು ಪಕ್ಕಕ್ಕೆ ಚೆಲ್ಲುವ ಯಂತ್ರವನ್ನು 1993ರಲ್ಲಿ ತನ್ನ ಹೆಸರಿನಲ್ಲೇ ಮಾರುಕಟ್ಟೆಗೆ ತಂದ. ಧೂಳು ಕಾಣುವಂಥ ಪಾರದರ್ಶಕ ಡಬ್ಬಿ. ಬುದ್ಧಿವಂತಿಕೆಯೇ, ಒಪ್ಪುತ್ತೇನೆ. ಆದರೆ ಡಬ್ಬಿಯೂ ತುಂಬುತ್ತದೆ ತಾನೇ.

ನಾವು ಬೆಂಗಳೂರಿಗೆ ಬಂದಮೇಲೆ ಅಂಥದ್ದೇ ವೈರಿಲ್ಲದ ಒಂದನ್ನು ತಗೊಂಡೆವು. ನಮ್ಮ ಮನೆಯವರಿಗೆ ಅದು ಬಹಳ ಇಷ್ಟ. ಪಿಸ್ತೂಲಿನ ಹಾಗೆ ಹಿಡಿದು ಟ್ರಿಗರ್ ಒತ್ತುತ್ತಾರೆ. ಸುಳ್ಳು ಹೇಳಬಾರದು, ಫ್ಯಾನು, ಕಿಟಕಿ ಎಲ್ಲ ಅವರೇ ಮಾಡುತ್ತಾರೆ, ಪಕ್ಕದಲ್ಲೇ ಕಟ್ಟಡ ಏಳುತ್ತಿರುವುದರಿಂದ ಅದು ಸಣ್ಣ ಕೆಲಸವೂ ಅಲ್ಲ. ಆಮೇಲೆ ತುಂಬಿದ ಡಬ್ಬಿ ಸಮೇತ ಗೋಡೆಗೆ ನೇತು ಹಾಕುತ್ತಾರೆ. ಫಿಲ್ಟರ್ ತೊಳೆದು ಪೂರ್ತಿ ಒಣಗಿಸಿ ಹಾಕಬೇಕು ಅಂತ ಒಂದು ಇದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಮನೆ ಕೆಲಸಕ್ಕೆ ಬರುವ ಅಕ್ಕನಿಗೆ ಬೇಕಾದರೆ ಇದನ್ನೇ ಬಳಸಿ ಅಂದೆ. "ಬೇಡ ಕಣಕ್ಕ, ಕೆಟ್ಟೋದ್ರೆ ನನ್ ತಲೆ ಮೇಲೆ ಬರುತ್ತೆ. ಅದನ್ನ ಜೋಡಿಸೋ ಹೊತ್ತಿಗೆ ಎರಡು ರೂಮ್ ಗುಡಿಸಿರ್ತೀನಿ" ಅಂದರು. ಎರಡೂ ಮಾತು ನಿಜ. ದಿನಾ ಗುಡಿಸುವವರ ಕೈಗೆ ಈ ಯಂತ್ರ ಕೊಡುವ ಮನೆಗಳನ್ನು ನಾನು ಕಂಡಿದ್ದು ಕಮ್ಮಿ. ಪೊರಕೆ ಅವರಿಗೆ, ಯಂತ್ರ ನಮಗೆ.

ಈಗ ತಾನೇ ಓಡಾಡಿ ಕಸ ಎಳೆಯುವ ರೋಬೋ. 2002ರಲ್ಲಿ ಐರೋಬೋಟ್ ಕಂಪನಿಯ ರೂಂಬಾ ಬಂದಾಗ ಅದು ಗೋಡೆಗೆ ಡಿಕ್ಕಿ ಹೊಡೆದು ತಿರುಗುತ್ತಿತ್ತು. ಈಗಿನವುಗಳಲ್ಲಿ ಎಷ್ಟೋ ತಲೆ ಮೇಲೆ ಲೇಸರ್ ತಿರುಗಿಸಿ ಮನೆಯ ನಕ್ಷೆ ಬರೆದುಕೊಳ್ಳುತ್ತವೆ. ನಮ್ಮದು ದೇವರ ಮನೆ ಹೊಸ್ತಿಲು ಹತ್ತಲಾಗದೆ ಅಲ್ಲೇ ಗುರ್ ಅನ್ನುತ್ತದೆ. ಒಂದು ಶುಕ್ರವಾರ ಹೊಸ್ತಿಲ ಮುಂದಿನ ರಂಗೋಲಿಯನ್ನು ಕಸ ಅಂತ ತಿಳಿದು ಅರ್ಧ ತಿಂದು, ಇನ್ನರ್ಧವನ್ನು ಹಾಲಿನ ತುಂಬ ಚಕ್ರದ ಗುರುತು ಮಾಡಿಕೊಂಡು ಹೋಯಿತು. ಅದೆಲ್ಲ ಇರಲಿ. ಅದನ್ನು ಬೋರಲು ಮಲಗಿಸಿ, ನೆಲದ ಮೇಲೆ ಕೂತು, ಬ್ರಷ್ಷಿಗೆ ಬಿಗಿಯಾಗಿ ಸುತ್ತಿಕೊಂಡ ಕೂದಲನ್ನು ಕತ್ತರಿಯಿಂದ ಸೀಳಿ ಎಳೆಯುವುದು ನಾನು. "ಕೂದಲು ನಿಂದೇ ತಾನೇ" ಅಂತ ಉತ್ತರ ಬೇರೆ.

ಹೋದ ವಾರ ಅಣ್ಣ ಫೋನ್ ಮಾಡಿದ್ದ. ಹೊಸ ರೋಬೋ ತಂದಿದ್ದಾನಂತೆ. ಅದು ತನ್ನ ಗೂಡಿಗೆ ಹೋಗಿ ಧೂಳನ್ನು ತಾನೇ ಖಾಲಿ ಮಾಡಿಕೊಳ್ಳುತ್ತದಂತೆ, ಯಾರೂ ಮುಟ್ಟುವ ಹಾಗೇ ಇಲ್ಲವಂತೆ. ಆ ಗೂಡಿನೊಳಗೆ ಏನಿದೆ ಅಂತ ಕೇಳಿದೆ. ಒಂದು ಚೀಲ ಅಂದ. ಎರಡು ತಿಂಗಳಿಗೊಮ್ಮೆ ಬದಲಾಯಿಸಿದರೆ ಸಾಕಂತೆ. ಬದಲಾಯಿಸೋದು ಯಾರು ಅಂದೆ. ಒಂದು ಕ್ಷಣ ಸುಮ್ಮನಿದ್ದು, "ಎರಡು ತಿಂಗಳಿಗೆ ಒಂದು ಸಲ ತಾನೇ, ಅದೇನು ದೊಡ್ಡ ಕೆಲಸ" ಅಂದ. ಫೋನ್ ಅತ್ತಿಗೆಗೆ ಕೊಡು ಅಂದೆ.