ಬ್ರಿಟನ್ನಿನ ಸ್ಟೇಟ್ ಪೆನ್ಷನ್: ಮುಂದೂಡಿದರೆ ಲಾಭ ಯಾರಿಗೆ?

ಎಲ್ಲರಿಗೂ ನಮಸ್ಕಾರ. ಬ್ರಿಟನ್ನಿನಲ್ಲಿ ದುಡಿದು ನಿವೃತ್ತಿಯ ಹೊಸ್ತಿಲಲ್ಲಿರುವವರು, ನಿವೃತ್ತರಾಗಿ ಮೈಸೂರಿಗೋ ಬೆಂಗಳೂರಿಗೋ ಮರಳಬೇಕೆಂದಿರುವವರು ಈ ಮಾತನ್ನು ಕಾಗದ ಪೆನ್ನು ಹಿಡಿದು ಕೇಳುವುದು ಒಳ್ಳೆಯದು. ಇದರಲ್ಲಿ ಲೆಕ್ಕವೇ ಹೆಚ್ಚು.

ಪಿಂಚಣಿ ವಯಸ್ಸಾದ ಕೂಡಲೇ ಸ್ಟೇಟ್ ಪೆನ್ಷನ್, ಅಂದರೆ ಸರ್ಕಾರ ಕೊಡುವ ನಿವೃತ್ತಿ ಪಿಂಚಣಿ, ತಾನಾಗಿ ಖಾತೆಗೆ ಬರುವುದಿಲ್ಲ, ಅರ್ಜಿ ಹಾಕಲೇಬೇಕು. ಹಾಕದಿದ್ದರೆ ನೀವು ಪಿಂಚಣಿಯನ್ನು ಮುಂದೂಡಿದ್ದೀರಿ ಎಂದೇ ಪಿಂಚಣಿ ಇಲಾಖೆ ಎಣಿಸುತ್ತದೆ. ಅರ್ಜಿಗೆ ಆಹ್ವಾನಿಸುವ ಪತ್ರ ಹಳೆಯ ವಿಳಾಸಕ್ಕೆ ಹೋಗಿ, ಗೊತ್ತಿಲ್ಲದೆಯೇ ಮುಂದೂಡಿದವರೂ ಇರುತ್ತಾರೆ.

ನಾನು ಹೇಳುವುದು 2016ರ ಏಪ್ರಿಲ್ 6ರಿಂದ ಜಾರಿಗೆ ಬಂದ ಹೊಸ ಪಿಂಚಣಿಯ ಬಗ್ಗೆ. ಕನಿಷ್ಠ 9 ವಾರ ಮುಂದೂಡಬೇಕು. ಪ್ರತಿ 9 ವಾರಕ್ಕೆ ಶೇ. 1ರಷ್ಟು ಏರಿಕೆ, ಅಂದರೆ ವರ್ಷಕ್ಕೆ ಸುಮಾರು ಶೇ. 5.8. ಹಳೆಯ ಪದ್ಧತಿಯಲ್ಲಿ 5 ವಾರಕ್ಕೇ ಶೇ. 1, ವರ್ಷಕ್ಕೆ ಶೇ. 10.4 ಸಿಗುತ್ತಿತ್ತು, ಬೇಕೆಂದರೆ ಬಡ್ಡಿ ಸಮೇತ ಇಡುಗಂಟಾಗಿಯೂ ಪಡೆಯಬಹುದಿತ್ತು. ಹಿರಿಯ ಸ್ನೇಹಿತರು "ಮುಂದೂಡಿ, ಭಾರಿ ಲಾಭ" ಎಂದರೆ ಅವರು ಹೇಳುತ್ತಿರುವುದು ಆ ಹಳೆಯ ಲೆಕ್ಕ.

2025-26ರಲ್ಲಿ ಪೂರ್ಣ ಪಿಂಚಣಿ ವಾರಕ್ಕೆ 230.25 ಪೌಂಡ್ ಇತ್ತು. ಆ ದರದಲ್ಲಿ ಒಂದು ವರ್ಷ ಬಿಟ್ಟುಕೊಟ್ಟರೆ ಕೈತಪ್ಪುವುದು 11,973 ಪೌಂಡ್. ಪ್ರತಿಯಾಗಿ ಜೀವನಪೂರ್ತಿ ವಾರಕ್ಕೆ ಸುಮಾರು 13.30 ಪೌಂಡ್, ವರ್ಷಕ್ಕೆ ಹೆಚ್ಚುಕಡಿಮೆ 690 ಪೌಂಡ್ ಹೆಚ್ಚು ಸಿಗುತ್ತದೆ. ಬಿಟ್ಟ ಹಣ ಮರಳಿ ಬರಲು ಹದಿನೇಳು ವರ್ಷ ಬೇಕು. 66ಕ್ಕೆ ಪಡೆಯಬೇಕಾದದ್ದನ್ನು 67ಕ್ಕೆ ತೆಗೆದುಕೊಂಡವರು 84 ದಾಟಿದ ಮೇಲಷ್ಟೇ ಲಾಭ ಕಾಣುತ್ತಾರೆ.

ತೆರಿಗೆ ಈ ಲೆಕ್ಕವನ್ನು ಬದಲಿಸುತ್ತದೆ. ಇನ್ನೂ ಕೆಲಸದಲ್ಲಿದ್ದು ಶೇ. 40ರ ತೆರಿಗೆ ಕಟ್ಟುವವರು ಆ ವರ್ಷ ನಿಜವಾಗಿ ಕಳೆದುಕೊಳ್ಳುವುದು ಸುಮಾರು 7,200 ಪೌಂಡ್ ಮಾತ್ರ. ಮುಂದೆ ಶೇ. 20ರ ದರಕ್ಕೆ ಇಳಿದರೆ ಹದಿಮೂರು ವರ್ಷದೊಳಗೆ ಹಣ ಮರಳುತ್ತದೆ. ಆರೋಗ್ಯ ಚೆನ್ನಾಗಿದ್ದು, ಕೈತುಂಬ ಸಂಬಳ ಬರುತ್ತಿದ್ದರೆ ಮುಂದೂಡಿ. ಬಿಟ್ಟ ಹಣವನ್ನು ಸಾಲ ಮಾಡಿ ತುಂಬಬೇಕಾದ ಸ್ಥಿತಿ ಇದ್ದರೆ ಬೇಡವೇ ಬೇಡ. ಅಂದಹಾಗೆ, ಪಿಂಚಣಿ ವಯಸ್ಸು ತಲುಪಿದ ಮೇಲೆ ನೌಕರರ ಪಾಲಿನ ನ್ಯಾಷನಲ್ ಇನ್ಶೂರೆನ್ಸ್ (ಪಿಂಚಣಿಯ ಹಕ್ಕಿಗಾಗಿ ಸಂಬಳದಿಂದ ಕಟ್ಟುವ ವಂತಿಗೆ) ಕಡಿತ ನಿಲ್ಲುತ್ತದೆ. ಪಿಂಚಣಿ ತೆಗೆದುಕೊಂಡಿದ್ದೀರೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಈಗ ಬಹಳ ಜನಕ್ಕೆ ತಿಳಿಯದ ಅನುಕೂಲ. ಅರ್ಜಿ ಹಾಕುವಾಗ 12 ತಿಂಗಳವರೆಗೆ ಹಿಂದಿನ ದಿನಾಂಕದಿಂದ ಪಿಂಚಣಿ ಕೇಳಬಹುದು. ಹಾಗಾಗಿ ಮೊದಲ ಒಂದು ವರ್ಷ ತೀರ್ಮಾನ ನಿಮ್ಮ ಕೈಯಲ್ಲೇ ಇರುತ್ತದೆ. ಹತ್ತನೇ ತಿಂಗಳಲ್ಲಿ ಕಾಯಿಲೆ ಗೊತ್ತಾಯಿತು ಎನ್ನಿ, ಆರಂಭದ ದಿನದಿಂದಲೇ ಕೇಳಿ ಪೂರ್ತಿ ಅರಿಯರ್ಸ್, ಅಂದರೆ ಹಿಂಬಾಕಿ, ಪಡೆಯಬಹುದು. ಹದಿನೆಂಟು ತಿಂಗಳಾಗಿದ್ದರೆ ಕೊನೆಯ 12 ತಿಂಗಳದ್ದು ಅರಿಯರ್ಸ್, ಮೊದಲ 6 ತಿಂಗಳಿಗೆ ಸುಮಾರು ಶೇ. 2.9 ಏರಿಕೆ. ಆದರೆ ಅರಿಯರ್ಸಿಗೆ ಬಡ್ಡಿ ಇಲ್ಲ. ಒಂದೇ ಅವಧಿಗೆ ಏರಿಕೆಯೂ ಅರಿಯರ್ಸೂ ಎರಡೂ ಸಿಗುವುದಿಲ್ಲ. ತೆರಿಗೆಯಲ್ಲಿ ಅರಿಯರ್ಸ್ ಕೈಗೆ ಬಂದ ವರ್ಷದ ಆದಾಯವಲ್ಲ. ಯಾವ ವರ್ಷಕ್ಕೆ ಸಲ್ಲಬೇಕಿತ್ತೋ ಆ ವರ್ಷದ್ದು.

ಮುಂದೂಡಿದವರು ಅರ್ಜಿ ಹಾಕುವ ಮೊದಲೇ ತೀರಿಕೊಂಡರೆ, ಮನೆಯವರು ಹೆಚ್ಚೆಂದರೆ 3 ತಿಂಗಳ ಹಣ ಕೇಳಬಹುದು. ಮೂರು ವರ್ಷ ಬಿಟ್ಟಿದ್ದರೂ ಅಷ್ಟೇ. ಕಾಯಿಲೆಯ ಸುಳಿವು ಸಿಕ್ಕಿದ ವಾರವೇ ಅರ್ಜಿ ಹಾಕಿ ಎಂದು ಒತ್ತಿ ಹೇಳುವುದು ಇದಕ್ಕಾಗಿ.

ಬಡವರಿಗೆ ಮುಂದೂಡುವ ದಾರಿಯೇ ಮುಚ್ಚಿದೆ. ನೀವು ಅಥವಾ ನಿಮ್ಮ ಸಂಗಾತಿ ಪೆನ್ಷನ್ ಕ್ರೆಡಿಟ್, ಯೂನಿವರ್ಸಲ್ ಕ್ರೆಡಿಟ್ ಎಂಬ ಕಡಿಮೆ ಆದಾಯದವರ ಸರ್ಕಾರಿ ನೆರವು ಪಡೆಯುವ ದಿನಗಳು ಏರಿಕೆಯ ಲೆಕ್ಕಕ್ಕೆ ಸೇರುವುದಿಲ್ಲ. ಇನ್ನೂ ಬೇಸರದ ಸಂಗತಿ ಎಂದರೆ, ಸ್ಟೇಟ್ ಪೆನ್ಷನ್ನಿಗೆ 12 ತಿಂಗಳು ಹಿಂದಕ್ಕೆ ಹೋಗಬಹುದು, ಆದರೆ ಕಡಿಮೆ ಆದಾಯದ ವೃದ್ಧರಿಗೆಂದೇ ಇರುವ ಪೆನ್ಷನ್ ಕ್ರೆಡಿಟ್‌ಗೆ ಬರೀ 3 ತಿಂಗಳು. ಇಂಗ್ಲಿಷ್ ಬಾರದ, ನಿಯಮ ತಿಳಿಯದ ವೃದ್ಧೆ ಎರಡು ವರ್ಷ ತಡವಾಗಿ ಅರ್ಜಿ ಹಾಕಿದರೆ ಇಪ್ಪತ್ತೊಂದು ತಿಂಗಳ ಹಣ ಹೋದಂತೆಯೇ. ತಡವಾಗಿ ಬರುವ ಸಾಧ್ಯತೆ ಯಾರಿಗೆ ಹೆಚ್ಚೋ ಅವರಿಗೇ ಗಡುವು ಚಿಕ್ಕದು. ಇದು ಅನ್ಯಾಯ, ತಿದ್ದಲು ಕಷ್ಟವಾದದ್ದೇನೂ ಅಲ್ಲ.

ಇನ್ನು ಭಾರತಕ್ಕೆ ಮರಳುವವರ ಪ್ರಶ್ನೆ. ಭಾರತದಲ್ಲಿ ನೆಲೆಸಿದವರಿಗೆ, ಬ್ರಿಟನ್ನಿನಲ್ಲಿ ಪ್ರತಿ ಏಪ್ರಿಲ್ ತಿಂಗಳಲ್ಲಿ ಸಿಗುವ ವಾರ್ಷಿಕ ಏರಿಕೆ ಇಲ್ಲ, ಪಿಂಚಣಿ ಒಂದೇ ದರದಲ್ಲಿ ನಿಂತುಬಿಡುತ್ತದೆ. 2016ರಲ್ಲಿ ಪೂರ್ಣ ದರ 155.65 ಪೌಂಡ್. ಆಗಲೇ ಬೆಂಗಳೂರಿನಲ್ಲಿ ಪಿಂಚಣಿ ಪಡೆಯತೊಡಗಿದವರಿಗೆ ಇಂದಿಗೂ ಅಷ್ಟೇ. ಅಷ್ಟೇ ವರ್ಷ ವಂತಿಗೆ ಕಟ್ಟಿ ಇಂಗ್ಲೆಂಡಿನ ಲೆಸ್ಟರಿನಲ್ಲಿ ಉಳಿದವರಿಗೆ 2025-26ರಲ್ಲಿ 230.25. ವರ್ಷಕ್ಕೆ ಸುಮಾರು 3,900 ಪೌಂಡ್ ವ್ಯತ್ಯಾಸ. ಅಮೆರಿಕಕ್ಕೋ ಫಿಲಿಪೀನ್ಸಿಗೋ ಹೋಗಿ ನೆಲೆಸಿದವರಿಗೆ ಆ ದೇಶಗಳು ಬ್ರಿಟನ್ನಿನೊಂದಿಗೆ ಮಾಡಿಕೊಂಡ ಒಪ್ಪಂದದ ಬಲದಿಂದ ಏರಿಕೆ ಸಿಗುತ್ತದೆ. ದಕ್ಷಿಣ ಆಫ್ರಿಕಾದಲ್ಲಿದ್ದ ಆ್ಯನೆಟ್ ಕಾರ್ಸನ್ ಇದನ್ನು ಪ್ರಶ್ನಿಸಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದರು. 2010ರಲ್ಲಿ ಅಲ್ಲಿಯೂ ಸೋಲಾಯಿತು. ವಂತಿಗೆ ಕಟ್ಟಿದ್ದಷ್ಟೇ ಸಮಾನ ಹಕ್ಕಿಗೆ ಸಾಲದು ಎಂಬ ಆ ತೀರ್ಪನ್ನು ನಾನು ಒಪ್ಪಲಾರೆ; ಹಣ ಕಡಿತವಾಗುವಾಗ ಮುಂದೆ ಯಾವ ದೇಶದಲ್ಲಿ ಮುಪ್ಪು ಕಳೆಯುತ್ತೀರಿ ಎಂದು ಯಾರೂ ಕೇಳಿರಲಿಲ್ಲ.

ಭಾರತದಲ್ಲಿದ್ದು ಮುಂದೂಡಿದರೆ ಹೆಚ್ಚುವರಿ ಭಾಗವನ್ನು, ಪಿಂಚಣಿ ವಯಸ್ಸು ತಲುಪಿದ ದಿನ ಅಥವಾ ದೇಶ ಬಿಟ್ಟ ದಿನ, ಇವೆರಡರಲ್ಲಿ ಯಾವುದು ನಂತರದ್ದೋ ಆಗಿನ ದರದ ಮೇಲೆ ಲೆಕ್ಕ ಹಾಕುತ್ತಾರೆ. ಆಮೇಲೆ ಅದೂ ಏರುವುದಿಲ್ಲ. ಬೆಲೆ ಏರುತ್ತಾ ಹೋದಂತೆ ಅದರ ಮೌಲ್ಯ ಕರಗುತ್ತದೆ. ಹೀಗಾಗಿ ಊರಿಗೆ ಮರಳುವ ಯೋಚನೆ ಇರುವವರಿಗೆ ಮುಂದೂಡುವುದನ್ನು ನಾನು ಹೇಳುವುದಿಲ್ಲ. ಆಗಲೇ ಪಿಂಚಣಿ ಪಡೆಯುತ್ತಿದ್ದರೆ, ಫೆಬ್ರವರಿ-ಮಾರ್ಚಿನಲ್ಲಿ ಮನೆ ಖಾಲಿ ಮಾಡುವ ಬದಲು ಏಪ್ರಿಲ್ ಏರಿಕೆ ಕೈಸೇರಿದ ಮೇಲೆ ಹೊರಡಿ. ನಂತರ ಮಕ್ಕಳನ್ನು ನೋಡಲು ಬ್ರಿಟನ್ನಿಗೆ ಹೋದಾಗ ಹೋಗುವ ಮತ್ತು ಮರಳುವ ದಿನಾಂಕವನ್ನು, ವಿದೇಶದಲ್ಲಿರುವ ಪಿಂಚಣಿದಾರರನ್ನು ನೋಡಿಕೊಳ್ಳುವ ಇಂಟರ್‌ನ್ಯಾಷನಲ್ ಪೆನ್ಷನ್ ಸೆಂಟರ್‌ಗೆ ತಿಳಿಸಿ. ಅಲ್ಲಿದ್ದಷ್ಟು ಕಾಲಕ್ಕೆ ಆಗಿನ ದರ ಕೇಳುವ ಹಕ್ಕು ನಿಮಗಿದೆ.